ಹೋರ್ಟಾಳ ಮೊಟ್ಟೆಗಳು

ಗಣಿಯ ಸುರಂಗದೊಳಗೆ ಕ್ಯಾಪ್ಟನ್ ಕರ್ಕ್ ಒಬ್ಬನೇ ಸಿಕ್ಕಿಬಿದ್ದಿದ್ದಾನೆ. ಬಂಡೆ ಕುಸಿದು ಬಂದ ದಾರಿ ಮುಚ್ಚಿಹೋಗಿದೆ. ಎದುರಿಗಿರುವುದು ಐವತ್ತಕ್ಕೂ ಹೆಚ್ಚು ಕೆಲಸಗಾರರನ್ನು ಸುಟ್ಟು ಕೊಂದ ಹೋರ್ಟಾ ಎಂಬ ಪ್ರಾಣಿ. ನಾವು ಗಾಳಿಯಲ್ಲಿ ನಡೆದಾಡುವಷ್ಟು ಸಲೀಸಾಗಿ ಅದು ಕಲ್ಲಿನೊಳಗೆ ಓಡಾಡುತ್ತದೆ. ಕರ್ಕ್ ಕೈಯಲ್ಲಿ ಫೇಸರ್ ಎಂಬ ಆಯುಧವಿದೆ, ಗುರಿಯೂ ಸರಿಯಾಗಿದೆ. ಕಮ್ಯುನಿಕೇಟರಿನಲ್ಲಿ ಅವನ ನೌಕೆಯ ಅಧಿಕಾರಿ ಸ್ಪಾಕ್‌ನ ದನಿ: ತಡಮಾಡಬೇಡಿ, ಕೊಂದುಬಿಡಿ. ಸ್ವಲ್ಪ ಹೊತ್ತಿನ ಮುಂಚೆ ಇದೇ ಸ್ಪಾಕ್, ಈ ಕುಲದ ಕೊನೆಯ ಜೀವವನ್ನು ಕೊಂದರೆ ಅಪರಾಧವಾಗುತ್ತದೆ ಎಂದಿದ್ದ. ಆಗ ಕರ್ಕ್ ಕೊಲ್ಲಲೇಬೇಕು ಎಂದು ಹಟ ಹಿಡಿದಿದ್ದ. ಈಗ ಗೆಳೆಯನ ಜೀವಕ್ಕೆ ಕುತ್ತು ಬಂದಿದೆ ಅನ್ನಿಸಿದ ಕೂಡಲೇ ತರ್ಕದ ಮೂರ್ತಿಯಂಥ ಸ್ಪಾಕ್ ತನ್ನ ಮಾತನ್ನೇ ಮರೆತಿದ್ದಾನೆ. ಕರ್ಕ್ ಮಾತ್ರ ಆ ಪ್ರಾಣಿಯನ್ನು ನೋಡುತ್ತ ನಿಂತಿದ್ದಾನೆ. ಫೇಸರ್ ಎತ್ತಿದರೆ ಅದು ಹಿಂಜರಿಯುತ್ತದೆ. ಮೈಮೇಲೆ ಗಾಯವಿದೆ. ಕರ್ಕ್ ಗುಂಡು ಹಾರಿಸುವುದಿಲ್ಲ.

1967ರ ಮಾರ್ಚ್ 9ರಂದು ಅಮೆರಿಕದಲ್ಲಿ ಪ್ರಸಾರವಾದ ‘ದಿ ಡೆವಿಲ್ ಇನ್ ದಿ ಡಾರ್ಕ್’ ಎಂಬ ಸ್ಟಾರ್ ಟ್ರೆಕ್ ಕಂತು ಇದು. ಈ ಸರಣಿಯ ಬೆನ್ನು ಹತ್ತಿ ನನಗೆ ದಶಕಗಳೇ ಕಳೆದಿವೆ. ಹಳೆಯದು, ಹೊಸದು, ಚೆನ್ನಾಗಿದ್ದದ್ದು, ಸಹಿಸಿಕೊಂಡದ್ದು ಎಲ್ಲವನ್ನೂ ನೋಡಿದ್ದೇನೆ. ಯಾವ ಕಂತು ಹಾಕಿದರೂ ನನ್ನ ಕಣ್ಣು ಹುಡುಕುವುದು ಈ ಒಂದು ಗಳಿಗೆಯನ್ನು. ಗುರುತು ಪರಿಚಯವಿಲ್ಲದ ಜೀವವೊಂದು ಎದುರಿಗೆ ಬಂದು ನಿಂತಾಗ, ಆಯುಧ ಹಿಡಿದ ಕೈ ಏನು ಮಾಡುತ್ತದೆ? ಸ್ಟಾರ್ ಟ್ರೆಕ್ ಹಿರಿದಾಗುವುದೂ ಕಿರಿದಾಗುವುದೂ ಅಲ್ಲೇ ಎಂದು ನನ್ನ ನಂಬಿಕೆ. ರಾಕೆಟ್ಟು, ಬೆಳಕಿನ ವೇಗ, ಮನುಷ್ಯರನ್ನು ಕಣಕಣವಾಗಿಸಿ ಕಳಿಸುವ ಟ್ರಾನ್ಸ್‌ಪೋರ್ಟರ್ ಇವೆಲ್ಲ ಆಮೇಲಿನ ಮಾತು. ಆ ಟ್ರಾನ್ಸ್‌ಪೋರ್ಟರ್ ಕೂಡ, ವಾರವಾರವೂ ನೌಕೆ ಇಳಿಯುವುದನ್ನು ತೋರಿಸುವ ಖರ್ಚು ತಪ್ಪಿಸಲು ಹೊಳೆದ ಉಪಾಯ.

1980ರ ದಶಕದಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ತೋರಿಸುತ್ತಿತ್ತು. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಎದುರುಮನೆಯವರಲ್ಲಿ. ಬೆಂಗಳೂರಿನ ಕಡೆ ಮುಖ ಮಾಡಿ ಕಟ್ಟಿದ್ದ ಎತ್ತರದ ಆಂಟೆನಾ ಗಾಳಿಗೆ ಒಂಚೂರು ತಿರುಗಿದರೆ ಸ್ಪಾಕ್‌ನ ಮುಖವೆಲ್ಲ ಚುಕ್ಕೆ ಚುಕ್ಕೆ. ಹೋರ್ಟಾ ಬಂದ ಭಾನುವಾರ ಸೋದರಮಾವ ಊರಿಗೆ ಬಂದಿದ್ದರು. ಅವರು ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡುವವರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಗಣಿ ಕಾಣಿಸಿದ್ದೇ ತಡ, ಚಾಪೆಯ ಮೇಲೆ ನೆಟ್ಟಗೆ ಕೂತರು. “ನೆಲ ನೋಡೋ, ಮನೆ ಪಡಸಾಲೆ ಇದ್ದಂಗೈತೆ. ಮೈನ್ಸಲ್ಲಿ ಇಂಥ ನೆಲ ಎಲ್ಲೈತೆ?” ಎಂದರು. ಮಾತು ನಿಜ. ಆ ಸುರಂಗಗಳೆಲ್ಲ ಸ್ಟುಡಿಯೋದ ಸಪಾಟು ನೆಲದ ಮೇಲೆ ಕಟ್ಟಿದ ಬಣ್ಣದ ಬಂಡೆಗಳು. ಮೇಲ್ಛಾವಣಿಗೆ ಊರೆ ಕೊಟ್ಟಿಲ್ಲ, ಕಾಲಡಿ ನೀರಿಲ್ಲ, ಯಾರ ಮೈಯಲ್ಲೂ ಬೆವರಿಲ್ಲ ಎಂದು ಅವರು ಒಂದೊಂದೇ ಹೇಳುತ್ತ ಹೋದರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ ಅವರದು. ಆ ಆಳದಲ್ಲಿ ಬಂಡೆ ಬಿಸಿಯಾಗಿರುತ್ತದೆ. ಒತ್ತಡ ತಡೆಯಲಾರದೆ ಹೇಳದೆ ಕೇಳದೆ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಆದ ದಿನ ಊರಿಗೆ ಊರೇ ಶಾಫ್ಟಿನ ಬಾಯಲ್ಲಿ ಹೋಗಿ ನಿಲ್ಲುತ್ತಿತ್ತು.

ಕಥೆ ಮುಂದೆ ಹೋಯಿತು. ಸ್ಪಾಕ್ ಆ ಪ್ರಾಣಿಯ ಮೈಮೇಲೆ ಕೈಯಿಟ್ಟು ಅದರ ಮನಸ್ಸಿನೊಳಗೆ ಇಳಿದ. ನೋವು ನೋವು ಎಂದು ಕೂಗಿದ. ಸುರಂಗದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಬಿದ್ದಿದ್ದ ಸಿಲಿಕಾನ್ ಉಂಡೆಗಳು ಕಲ್ಲಲ್ಲ, ಮೊಟ್ಟೆ ಎಂದು ಆಗ ತಿಳಿಯಿತು. ಐವತ್ತು ಸಾವಿರ ವರ್ಷಕ್ಕೊಮ್ಮೆ ಆ ಕುಲವೆಲ್ಲ ಸತ್ತು, ಮೊಟ್ಟೆ ಕಾಯಲು ಒಂದೇ ಒಂದು ಉಳಿಯುತ್ತದೆ. ಗಣಿಯವರು ಅದರ ಗೂಡಿಗೇ ಸುರಂಗ ಕೊರೆದು, ಅದರ ಮಕ್ಕಳನ್ನು ಕಸದಂತೆ ಒಡೆದು ಹಾಕಿದ್ದರು. ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅಮ್ಮನಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೂ ತಲೆಯೆತ್ತಿ, “ಬಾಣಂತಿ ಕಣೋ ಅದು, ಪಾಪ” ಎಂದಳು. ಮಾವ ಮಾತಾಡಲಿಲ್ಲ. ದೊಣ್ಣೆ ಹಿಡಿದ ಗಣಿಯವರು ಹೋರ್ಟಾಳನ್ನು ಬಡಿಯಲು ನುಗ್ಗುವ ದೃಶ್ಯ ಬಂತು. ಸತ್ತವರು ಅವರ ಜೊತೆಗಾರರು, ಸಿಟ್ಟು ಸುಳ್ಳಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಎದ್ದ ಮೇಲೂ ಮಾವ ಕೂತೇ ಇದ್ದರು. “ಕೆಳಗೆ ಇಳಿದವರಿಗೆ ಗೊತ್ತಾಗಲ್ಲ, ಯಾರ ಮನೆ ಕೊರೀತಾ ಇದೀವಿ ಅಂತ” ಎಂದರು.

ಈ ಕಂತಿನಲ್ಲಿ ವೇಷ ಮೊದಲು ಬಂತು, ಕಥೆ ಆಮೇಲೆ. ಯಾನೋಸ್ ಪ್ರೊಹಾಸ್ಕಾ ಎಂಬ ಸ್ಟಂಟ್ ಕಲಾವಿದ ತಾನೇ ತಯಾರಿಸಿದ ವೇಷದೊಳಗೆ ಹೊಕ್ಕು ತೆವಳಿ ತೋರಿಸಿದ. ನಿರ್ಮಾಪಕ ಜೀನ್ ಕೂನ್ ಅದಕ್ಕೆಂದೇ ಕಥೆ ಬರೆದ. ಚಿತ್ರೀಕರಣ ನಡೆಯುತ್ತಿದ್ದಾಗಲೇ ಕರ್ಕ್ ಪಾತ್ರದ ವಿಲಿಯಂ ಶಾಟ್ನರ್‌ಗೆ ತಂದೆ ತೀರಿಕೊಂಡ ಸುದ್ದಿ ಬಂತು. ಅಂತ್ಯಕ್ರಿಯೆ ಮುಗಿಸಿ ಬಂದು ಉಳಿದ ಭಾಗ ಮುಗಿಸಿಕೊಟ್ಟರು. ತಮಗೆ ಎಲ್ಲಕ್ಕಿಂತ ಪ್ರಿಯವಾದ ಕಂತು ಇದೇ ಎಂದು ಮುಂದೆ ಬರೆದುಕೊಂಡರು. ಇದರಲ್ಲಿ ನನಗೆ ಇವತ್ತಿಗೂ ಒಪ್ಪಿಗೆಯಾಗದ ಸಂಗತಿ ಒಂದಿದೆ. ಕೊನೆಗೆ ಹೋರ್ಟಾ ಮರಿಗಳು ಸುರಂಗ ಕೊರೆಯುತ್ತವೆ, ಗಣಿಯವರು ಅದಿರು ಎತ್ತಿಕೊಂಡು ಶ್ರೀಮಂತರಾಗುತ್ತಾರೆ. ಮರಿಗಳಿಂದ ಲಾಭವೇ ಇರದಿದ್ದರೆ? ಆಗಲೂ ದೊಣ್ಣೆ ಕೆಳಗಿಡುತ್ತಿದ್ದರೇ? ತಾಯಿಗೆ ಬದುಕುವ ಹಕ್ಕಿದೆ ಎಂದ ಮೇಲೆ, ಅವಳು ನಮಗೆ ಉಪಯೋಗಕ್ಕೂ ಬರುತ್ತಾಳೆ ಎಂದು ಸೇರಿಸುವ ಅಗತ್ಯ ಇರಲಿಲ್ಲ.

ಸ್ಟಾರ್ ಟ್ರೆಕ್ ಎಂದರೆ ಜೀನ್ ರಾಡೆನ್‌ಬೆರ್ರಿಯ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ಬರಬೇಕಾದದ್ದೇ. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ಹಾರಿಸಿ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಪೊಲೀಸನಾಗಿದ್ದವನು, ನಾಳೆಯ ಮನುಷ್ಯ ಇವತ್ತಿನವನಿಗಿಂತ ಒಳ್ಳೆಯವನಾಗಿರುತ್ತಾನೆ ಎಂದು ಪಟ್ಟು ಹಿಡಿದು ಕಟ್ಟಿದ ಲೋಕ ಅದು. ಆದರೆ ಆ ಲೋಕಕ್ಕೆ ಕರುಳು ಕೊಟ್ಟವನು ಜೀನ್ ಕೂನ್ ಎಂದೇ ನಾನು ಹೇಳುತ್ತೇನೆ. ಅವನೂ ಸೈನಿಕನಾಗಿದ್ದವನು, ಮರೀನ್ ದಳದಲ್ಲಿ. ‘ಅರೀನಾ’ ಅವನದು, ಹೋರ್ಟಾ ಅವನದು, ‘ಸ್ಪೇಸ್ ಸೀಡ್’ನಲ್ಲಿ ಅವನ ಪಾಲಿದೆ. ಮೂರೂ 1967ರ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲೇ ಪ್ರಸಾರವಾದವು. 1973ರಲ್ಲಿ, ಐವತ್ತು ತುಂಬುವ ಮೊದಲೇ ಕೂನ್ ತೀರಿಕೊಂಡ. ಮರುಪ್ರಸಾರದಿಂದ ಸರಣಿ ಎಂಥ ಎತ್ತರಕ್ಕೆ ಏರಿತು ಎಂಬುದನ್ನು ಪೂರ್ತಿ ನೋಡಲು ಅವನಿರಲಿಲ್ಲ ಎಂಬುದು ನನಗೆ ನಿಜವಾದ ದುಃಖ.

‘ಅರೀನಾ’ದಲ್ಲಿ ಗಾರ್ನ್ ಎಂಬ ಹಲ್ಲಿಮೋರೆಯ ನಾಯಕನೊಡನೆ ಕರ್ಕ್ ಬರಿಗೈಯಲ್ಲಿ ಕಾದಾಡಬೇಕು. ಇಬ್ಬರನ್ನೂ ಬಂಜರು ಗ್ರಹದಲ್ಲಿ ತಂದು ಬಿಟ್ಟವರು ಮೆಟ್ರಾನ್ ಎಂಬ ಬಲಶಾಲಿಗಳು. ಲಾಸ್ ಏಂಜಲೀಸ್ ಹತ್ತಿರದ ವಾಸ್ಕೆಜ್ ಬಂಡೆಗಳ ನಡುವೆ ಇದನ್ನು ತೆಗೆದರು. ಗಂಧಕ, ಇದ್ದಿಲು, ಪೆಟ್ಲುಪ್ಪು ಹುಡುಕಿ, ಬಿದಿರಿನ ಕೊಳವೆಯಲ್ಲಿ ಮದ್ದು ತುಂಬಿ ಕರ್ಕ್ ಗೆಲ್ಲುತ್ತಾನೆ. ಗೆದ್ದ ಮೇಲೆ ಕೊಲ್ಲುವುದಿಲ್ಲ. ನೀವು ನಮ್ಮ ಜಾಗಕ್ಕೆ ನುಗ್ಗಿದಿರಿ ಎಂದು ಗಾರ್ನ್ ಹೇಳಿದ ಮಾತು ಅವನ ಮನಸ್ಸಿನಲ್ಲಿ ಉಳಿದಿದೆ. ಆ ರಬ್ಬರ್ ವೇಷವನ್ನು ಈಗಿನವರು ಆಡಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬಂಡೆಯ ಮೇಲೆ ಬಿದ್ದು ಏದುಸಿರು ಬಿಡುವ ಆ ವೇಷದ ಎದೆ ಏರಿಳಿಯುವುದನ್ನು ಒಮ್ಮೆ ನೋಡಿ.

‘ಸ್ಪೇಸ್ ಸೀಡ್’ ಬಗ್ಗೆ ಭಾರತದ ಅಭಿಮಾನಿಯಾಗಿ ಒಂದು ಮಾತು ಹೇಳಲೇಬೇಕು. ಶತಮಾನಗಳ ನಿದ್ದೆಯಿಂದ ಎಬ್ಬಿಸಿದ ಸರ್ವಾಧಿಕಾರಿಗೆ ಖಾನ್ ನೂನಿಯನ್ ಸಿಂಗ್ ಎಂದು ಹೆಸರು. ಉತ್ತರ ಭಾರತದವನು, ಸಿಖ್ಖನಿರಬಹುದು ಎಂದು ನೌಕೆಯ ಇತಿಹಾಸಕಾರ್ತಿ ಊಹಿಸುತ್ತಾಳೆ. ಪಾತ್ರ ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. ಪೇಟವಿಲ್ಲ, ಗಡ್ಡವಿಲ್ಲ. ಹೆಸರಿಡುವಾಗ ಯಾರನ್ನೂ ಕೇಳಿದಂತಿಲ್ಲ. ಆದರೂ ಮೊಂಟಲ್ಬಾನ್ ಮಾತಾಡಲು ಶುರುಮಾಡಿದರೆ ಕಣ್ಣು ಕೀಳಲಾಗುವುದಿಲ್ಲ. ಕೊನೆಗೆ ಖಾನ್ ಸೋಲುವುದರಲ್ಲೂ ಒಂದು ಘನತೆಯಿದೆ. 1979ರ ಮೊದಲ ಸ್ಟಾರ್ ಟ್ರೆಕ್ ಚಿತ್ರದಲ್ಲಿ ಮುಂಬೈಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಇಲಿಯಾ ಆದಾಗ ಸಿಕ್ಕ ಸಂತೋಷ ಬೇರೆಯದು, ಕಳಂಕವಿಲ್ಲದ್ದು.

ನನ್ನ ಅಳತೆಗೋಲು ಸೋಲುವುದು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎದುರು. ಹಾರ್ಲನ್ ಎಲಿಸನ್ ಬರೆದದ್ದು. ಪ್ರಸಾರವಾದ ಕಂತಿಗೆ 1968ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಬೇರೆಯವರು ತಿದ್ದುವ ಮೊದಲಿನ ಅವನ ಮೂಲ ಪ್ರತಿಗೆ ಬರಹಗಾರರ ಸಂಘದ ಪ್ರಶಸ್ತಿ ಬಂತು. ಕರ್ಕ್ ಮತ್ತು ಗೆಳೆಯರು ಕಾಲದಲ್ಲಿ ಹಿಂದೆ ಹೋಗಿ ಸೇರುವುದು 1930ರ ನ್ಯೂಯಾರ್ಕ್, ಆರ್ಥಿಕ ಕುಸಿತದ ದಿನಗಳು. ಹಸಿದವರಿಗೆ ಸೂಪು ಬಡಿಸುವ ಈಡಿತ್ ಕೀಲರ್ ಎಂಬ ಹೆಣ್ಣುಮಗಳು ಯುದ್ಧ ಬೇಡ ಎನ್ನುತ್ತಾಳೆ. ಇಡೀ ಸ್ಟಾರ್ ಟ್ರೆಕ್ ಹೇಳುವುದನ್ನೇ ಅವಳು ಹೇಳುತ್ತಿದ್ದಾಳೆ. ಅವಳು ಬದುಕಿದರೆ ಅಮೆರಿಕ ಯುದ್ಧಕ್ಕೆ ಇಳಿಯುವುದು ತಡವಾಗಿ ಹಿಟ್ಲರ್ ಗೆಲ್ಲುತ್ತಾನೆ. ಲಾರಿ ನುಗ್ಗಿ ಬರುತ್ತದೆ. ಅವಳನ್ನು ಉಳಿಸಲು ಓಡುವ ನೌಕೆಯ ಡಾಕ್ಟರ್ ಮೆಕಾಯ್‌ನನ್ನು ಕರ್ಕ್ ತಬ್ಬಿ ಹಿಡಿಯುತ್ತಾನೆ. ಅವಳನ್ನು ಪ್ರೀತಿಸಿದವನು ಅವನೇ. ಹಳೆಯ ಕಂತುಗಳ ಕೊನೆಗೆ ಎಲ್ಲರೂ ಸೇರಿ ನಗುವ ಒಂದು ತುಣುಕು ಸಾಮಾನ್ಯವಾಗಿ ಇರುತ್ತಿತ್ತು. ಇಲ್ಲಿ ಇಲ್ಲ. ಚಿಕ್ಕವನಿದ್ದಾಗ ಕರ್ಕ್ ಮಾಡಿದ್ದು ಸರಿ ಅನ್ನಿಸಿತ್ತು, ಲೆಕ್ಕ ಸರಿಹೋಗುತ್ತಿತ್ತು. ಈಗ ಲೆಕ್ಕ ಅರ್ಥವಾಗುತ್ತದೆ, ಮನಸ್ಸು ಒಪ್ಪುವುದಿಲ್ಲ. ಒಳ್ಳೆಯ ಮಾತನ್ನು ತಪ್ಪು ಹೊತ್ತಿನಲ್ಲಿ ಆಡಿದವಳೊಬ್ಬಳನ್ನು ಇತಿಹಾಸದ ಚಕ್ರಕ್ಕೆ ಕೊಟ್ಟುಬಿಡಬೇಕೇ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಕ್ಕಿಲ್ಲ.

ಕೇಬಲ್ ಬಂದ ಮೇಲೆ ಎರಡನೆಯ ತಲೆಮಾರಿನ ಸರಣಿ, ‘ದಿ ನೆಕ್ಸ್ಟ್ ಜನರೇಶನ್’, ಕೈಗೆ ಸಿಕ್ಕಿತು. ಬೋಳುತಲೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಹಿಡಿಯಿತು. 1991ರ ‘ಡಾರ್ಮಾಕ್’ ನೋಡಿದ ಮೇಲೆ ತಕರಾರು ಉಳಿಯಲಿಲ್ಲ. ಟಮೇರಿಯನ್ನರ ಮಾತಿನಲ್ಲಿರುವ ಪದಗಳೆಲ್ಲ ಯಂತ್ರಕ್ಕೆ ಅರ್ಥವಾಗುತ್ತವೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ಏಕೆಂದರೆ ಅವರು ಹೇಳುವುದೆಲ್ಲ ತಮ್ಮ ಪುರಾಣದ ಘಟನೆಗಳ ಮೂಲಕ. ಯಾರದೋ ಗೋಡೆ ಬಿದ್ದ ಕಥೆ ಹೇಳಿದರೆ ಅದು ಸೋಲು, ಯಾರೋ ತೋಳು ಚಾಚಿ ನಿಂತರೆ ಅದು ಕೊಡುಗೆ. ಇಂಥ ಭಾಷೆ ಇರಲು ಸಾಧ್ಯವೇ ಎಂದು ಬಹಳ ಜನ ಕೇಳಿದ್ದಾರೆ. ನಮ್ಮಮ್ಮನಿಗೆ ಇದು ಪ್ರಶ್ನೆಯೇ ಅಲ್ಲ. ಪಕ್ಕದ ಮನೆಯ ವಿಷಯ ಕೇಳಿದರೆ “ಮಂಥರೆ ಕಾಲಿಟ್ಟಳು” ಎಂದು ಹೇಳಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಳು. ಯಾರು ಬಂದರು, ಯಾರ ಕಿವಿ ಊದಿದರು, ಯಾವ ಮಗ ಮನೆ ಬಿಟ್ಟ, ಯಾವ ಯಜಮಾನ ಹಾಸಿಗೆ ಹಿಡಿದ ಎಲ್ಲವೂ ಆ ಒಂದು ಮಾತಿನೊಳಗೆ ಬಂತು. ಉತ್ತರನ ಪೌರುಷ, ತ್ರಿಶಂಕು ಸ್ಥಿತಿ, ಹನುಮಂತನ ಬಾಲ ಎಂದು ಮಾತಾಡುವ ನಾವು, ರಾಮಾಯಣ ಭಾರತ ಕೇಳಿರದವರ ಮುಂದೆ ನಿಂತರೆ ಟಮೇರಿಯನ್ನರೇ.

ಅದಕ್ಕೇ ಡೇಥನ್ ಎಂಬ ಟಮೇರಿಯನ್ ನಾಯಕ ಮಾಡಿದ್ದು ನನಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ತನ್ನ ಕಥೆ ಎದುರಿನವನಿಗೆ ಗೊತ್ತಿಲ್ಲ, ಎದುರಿನವನ ಕಥೆ ತನಗೆ ಗೊತ್ತಿಲ್ಲ. ಹಾಗಾದರೆ ಇಬ್ಬರೂ ಸೇರಿ ಒಂದು ಹೊಸ ಕಥೆ ಬದುಕಬೇಕು. ಪಿಕಾರ್ಡ್‌ನನ್ನು ತನ್ನೊಡನೆ ಕಾಡುಗ್ರಹಕ್ಕೆ ಇಳಿಸಿಕೊಂಡು, ಎರಡು ಕಠಾರಿಗಳಲ್ಲಿ ಒಂದನ್ನು ಅವನ ಕಡೆ ಎಸೆಯುತ್ತಾನೆ. ಪಿಕಾರ್ಡ್ ಅದನ್ನು ಸವಾಲು ಎಂದುಕೊಳ್ಳುತ್ತಾನೆ. ಆದರೆ ಅದು ಸಮಾನ ಶತ್ರುವನ್ನು ಜೊತೆಯಾಗಿ ಎದುರಿಸಲು ಕೊಟ್ಟ ಆಯುಧ. ಇನ್ನು ನನ್ನನ್ನು ಪ್ರತಿಸಲವೂ ಹಿಂಡುವ ದೃಶ್ಯ. ಮೃಗ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ, ಮೇಲಿನ ನೌಕೆಯವರು ತಮ್ಮ ಕ್ಯಾಪ್ಟನ್ನನ್ನು ಉಳಿಸಬೇಕೆಂದು ಟ್ರಾನ್ಸ್‌ಪೋರ್ಟರ್ ಕಿರಣ ಹಾಯಿಸುತ್ತಾರೆ. ಪಿಕಾರ್ಡ್ ಆ ಕಿರಣದಲ್ಲಿ ಸಿಕ್ಕಿ ಅಲ್ಲಾಡಲಾರದೆ ನಿಲ್ಲುತ್ತಾನೆ. ಕಣ್ಣೆದುರೇ ಡೇಥನ್‌ನನ್ನು ಮೃಗ ಸೀಳುತ್ತದೆ. ಕಾಪಾಡಲು ಬಂದ ಕೈಯೇ ಕೊಂದಿತು. ಆ ರಾತ್ರಿ ಬೆಂಕಿಯ ಪಕ್ಕದಲ್ಲಿ, ಸಾಯುತ್ತಿರುವ ಡೇಥನ್‌ಗೆ ಪಿಕಾರ್ಡ್ ಗಿಲ್ಗಮೆಶ್ ಮತ್ತು ಎಂಕಿಡು ಇಬ್ಬರ ಗೆಳೆತನದ ಕಥೆ ಹೇಳುತ್ತಾನೆ. ಡೇಥನ್‌ಗೆ ಅದರಲ್ಲಿ ಎಷ್ಟು ತಿಳಿಯಿತೋ! ಆದರೆ ಕಥೆ ಹೇಳುತ್ತಿದ್ದಾನೆ ಎಂಬುದು ತಿಳಿದಿದೆ. ಆ ಮುಖದಲ್ಲಿ ಅದು ಕಾಣುತ್ತದೆ. ಪಾಲ್ ವಿನ್‌ಫೀಲ್ಡ್ ಅಷ್ಟು ದಪ್ಪ ಮೇಕಪ್ಪಿನೊಳಗಿಂದ ಕಣ್ಣಲ್ಲೇ ನಟಿಸಿದ್ದಾರೆ. ಗೊತ್ತಿಲ್ಲದ ಭಾಷೆಯ ಕಥೆಯನ್ನು ಅಮ್ಮ ಬಾಗಿಲ ಬಳಿ ಕೂತು ನೋಡಿದ್ದನ್ನು ನಾನು ಕಂಡಿದ್ದೇನೆ, ಆದ್ದರಿಂದ ಆ ನೋಟ ಸುಳ್ಳಲ್ಲ ಎಂದು ಬಲ್ಲೆ.

1992ರ ‘ದಿ ಇನ್ನರ್ ಲೈಟ್’ ಬಗ್ಗೆ ಬರೆಯುವುದು ಕಷ್ಟ. ಅನಾಮಿಕ ಯಂತ್ರವೊಂದು ಪಿಕಾರ್ಡ್ ಮೇಲೆ ಕಿರಣ ಬೀರಿ ಪ್ರಜ್ಞೆ ತಪ್ಪಿಸುತ್ತದೆ. ನೌಕೆಯಲ್ಲಿ ಕಳೆಯುವುದು ಅರ್ಧ ಗಂಟೆಗೂ ಕಡಿಮೆ. ಆ ಹೊತ್ತಿನಲ್ಲಿ ಅವನು ಕಟಾನ್ ಎಂಬ ಗ್ರಹದ ಹಳ್ಳಿಯಲ್ಲಿ ಕೇಮಿನ್ ಎಂಬವನಾಗಿ ಬಾಳಿ ಮುದುಕನಾಗುತ್ತಾನೆ. ಹೆಂಡತಿ, ಮಗಳು, ಮಗ, ಮೊಮ್ಮಗು, ಒಂದು ಕೊಳಲು. ಗೆಳೆಯನ ಸಾವು, ಹೆಂಡತಿಯ ಸಾವು. ಇಲ್ಲೂ ನೌಕೆಯವರು ಕಿರಣವನ್ನು ಕತ್ತರಿಸಲು ನೋಡುತ್ತಾರೆ. ಪಿಕಾರ್ಡ್‌ನ ಪ್ರಾಣವೇ ಹೋಗುವಂತಾಗುತ್ತದೆ. ಸುಮ್ಮನೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ.

ಆ ಹಳ್ಳಿಗೆ ಮಳೆ ಬರುವುದಿಲ್ಲ. ಕೇಮಿನ್ ಮಣ್ಣು ಪರೀಕ್ಷೆ ಮಾಡುತ್ತಾನೆ, ವರ್ಷಗಟ್ಟಲೆ ಬರೆದಿಡುತ್ತಾನೆ. ಮಗಳೂ ಅದೇ ಹಾದಿ ಹಿಡಿಯುತ್ತಾಳೆ. ಇದು ಸಾಮಾನ್ಯ ಬರವಲ್ಲ ಎಂದು ತಿಳಿಯುತ್ತದೆ. ಸೂರ್ಯನೇ ಸಿಡಿಯಲಿದ್ದಾನೆ. ಕೋಲಾರದ ಕಡೆಯವನು ಈ ಭಾಗವನ್ನು ಬರೀ ಕಥೆಯೆಂದು ನೋಡಲಾರ. ಸಾವಿರಾರು ಕೆರೆಗಳಿದ್ದ ಸೀಮೆಯಲ್ಲಿ ಕೆರೆಯ ಅಂಗಳವೆಲ್ಲ ಜಾಲಿ ಬೆಳೆದು, ಬೋರ್‌ವೆಲ್ ಸಾವಿರ ಅಡಿ ದಾಟಿ ಹೋದದ್ದನ್ನು ನೋಡಿದವರು ನಾವು. ಚಿಕ್ಕಪ್ಪ ತಮ್ಮ ಬಾವಿಯ ನೀರಿನ ಮಟ್ಟವನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ಬಾವಿ ಒಣಗಿದ ಮೇಲೂ ಒಂದಷ್ಟು ದಿನ ಬರೆದರು. ಕೇಮಿನ್ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡುವಾಗ ನನಗೆ ಕಾಣುವುದು ಆ ಕೈ.

ಕಟಾನ್‌ನವರಿಗೆ ತಪ್ಪಿಸಿಕೊಳ್ಳುವ ವಿದ್ಯೆ ಗೊತ್ತಿಲ್ಲ. ತಿಳಿದ ಮಟ್ಟಿಗೆ ಒಂದು ರಾಕೆಟ್ ಮಾಡಿ ಹಾರಿಬಿಡುತ್ತಾರೆ. ಅದರಲ್ಲಿ ಅವರು ತುಂಬಿಟ್ಟದ್ದು ರಾಜರ ಪಟ್ಟಿಯಲ್ಲ, ಗೆದ್ದ ಯುದ್ಧವಲ್ಲ. ಒಬ್ಬ ಸಾಮಾನ್ಯ ಸಂಸಾರಿಯ ಬಾಳು. ಅದನ್ನು ಯಾರಾದರೂ ಒಬ್ಬರು ಒಳಗಿನಿಂದ ಬದುಕಿ ನೆನಪಿಟ್ಟುಕೊಂಡರೆ ಸಾಕು ಎಂಬ ಆಸೆ. ಈ ಕಂತಿಗೂ ಹ್ಯೂಗೊ ಬಂತು. ಕಥೆ ಬರೆದ ಮಾರ್ಗನ್ ಗೆಂಡೆಲ್ ಕಂತಿನ ಹೆಸರನ್ನು ಎತ್ತಿಕೊಂಡದ್ದು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ನ ಹಾಡಿನಿಂದ. ಆ ಹಾಡಿನ ವಾದ್ಯಭಾಗ ಧ್ವನಿಮುದ್ರಣವಾದದ್ದು 1968ರ ಜನವರಿಯಲ್ಲಿ, ನಮ್ಮ ಮುಂಬೈಯಲ್ಲಿ, ನಮ್ಮ ಕಲಾವಿದರಿಂದ. ಬಾನ್ಸುರಿ ಹರಿಪ್ರಸಾದ್ ಚೌರಾಸಿಯಾ ಅವರದು. ಪಿಕಾರ್ಡ್‌ನ ಕೊಳಲಿಗೆ ಜೇ ಚಟ್ಟವೇ ಕೊಟ್ಟ ರಾಗ ಪೂರಾ ಬೇರೆ. ಆದರೂ ಈ ನಂಟು ತಿಳಿದಂದಿನಿಂದ ಆ ಕೊಳಲು ನನಗೆ ಇನ್ನೂ ಹತ್ತಿರವಾಗಿದೆ.

ಈಗಿನ ಸಂಗತಿಗೆ ಬರುತ್ತೇನೆ. ಕರ್ಕ್‌ಗಿಂತ ಮುಂಚಿನ ಕ್ಯಾಪ್ಟನ್ ಪೈಕ್‌ನ ಕಾಲದ ಕಥೆ ಹೇಳುವ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ನನಗೆ ಇಷ್ಟವಾದ ಹೊಸ ಸರಣಿ. ಅದು 2022ರಲ್ಲಿ ಗಾರ್ನ್‌ಗಳನ್ನು ಮತ್ತೆ ತಂದಿತು. ಮನುಷ್ಯರ ಮೈಯೊಳಗೆ ಮೊಟ್ಟೆಯಿಟ್ಟು, ಹೊಟ್ಟೆ ಸೀಳಿ ಹೊರಬರುವ ಮರಿಗಳು. ಮಾತಿಲ್ಲ, ಬರೀ ಹಲ್ಲು. ಭಯ ಹುಟ್ಟಿಸುವುದರಲ್ಲಿ ಕೊರತೆಯಿಲ್ಲ, ಒಪ್ಪುತ್ತೇನೆ. ಆದರೆ ನನಗೆ ಸಿಟ್ಟು ಬಂತು. ಜೀನ್ ಕೂನ್ ಮಾತು ಕೊಟ್ಟ ಜೀವಕ್ಕೆ ಇವರು ಮತ್ತೆ ಬಾಯಿ ಕಟ್ಟಿದರು. ಮೊಟ್ಟೆಯ ವಿಷಯದಲ್ಲಿ ಈ ಸರಣಿಗೆ ಹೋರ್ಟಾಳ ನೆನಪಾದರೂ ಇರಬೇಕಿತ್ತು.

2025ರಲ್ಲಿ ಅದೇ ಸರಣಿಯ ‘ಟೆರೇರಿಯಂ’ ಕಂತು ಬಂತು. ಗಾರ್ನ್‌ಗಳ ಕೈಯಲ್ಲಿ ನರಳಿ ಬಂದಿದ್ದ ಪೈಲಟ್ ಓರ್ಟೆಗಾಸ್, ನಿರ್ಜನ ಉಪಗ್ರಹದಲ್ಲಿ ಒಂದು ಗಾರ್ನ್ ಜೊತೆಗೇ ಸಿಕ್ಕಿಬೀಳುತ್ತಾಳೆ. ಭಯದಿಂದ ಶುರುವಾದದ್ದು ನಿಧಾನಕ್ಕೆ ಹಂಚಿ ತಿನ್ನುವವರೆಗೆ ಬರುತ್ತದೆ. ಇಬ್ಬರೂ ಸೇರಿ ಬದುಕುವ ದಾರಿ ಹುಡುಕುತ್ತಾರೆ. ಕಾಪಾಡಲು ಬಂದವರ ಮುಂದೆ ಲಾನ್ ಇದ್ದಾಳೆ, ಲಾನ್ ನೂನಿಯನ್ ಸಿಂಗ್, ಅದೇ ಖಾನ್‌ನ ವಂಶದವಳು. ಅವಳ ಬಾಲ್ಯದಲ್ಲಿ ಮನೆಯವರನ್ನೆಲ್ಲ ಗಾರ್ನ್‌ಗಳು ಕೊಂದಿದ್ದವು. ಅವಳು ಕಂಡ ಕೂಡಲೇ ಗುಂಡು ಹಾರಿಸುತ್ತಾಳೆ. ಗಾರ್ನ್ ಸಾಯುತ್ತದೆ. ಈ ಭೇಟಿಯನ್ನು ಏರ್ಪಡಿಸಿದ್ದು ತಾವೇ ಎಂದು ಹೇಳಲು ಬರುವವರು ‘ಅರೀನಾ’ದ ಅದೇ ಮೆಟ್ರಾನ್‌ಗಳು.

ನಾನು ಎದ್ದು ನಿಂತೇಬಿಟ್ಟಿದ್ದೆ. ಜೊತೆಗೆ ನೋಡುತ್ತಿದ್ದ ನನ್ನ ಮಗಳು ಕೂತೇ ಇದ್ದಳು. “ಅಪ್ಪಾ, ಲಾನ್‌ಗೆ ಏನು ಕಂಡಿತು ಅಷ್ಟೇ ಯೋಚನೆ ಮಾಡಿ. ಅವಳ ಗೆಳತಿ ಪಕ್ಕದಲ್ಲಿ ಗಾರ್ನ್ ನಿಂತಿದೆ. ಅವಳ ಅಣ್ಣನನ್ನ ಕೊಂದವರು ಅವರು. ಕಾದು ನೋಡು ಅಂತ ಯಾವ ಬಾಯಲ್ಲಿ ಹೇಳ್ತೀರ?” ಎಂದಳು. ಕರ್ಕ್ ಕಾದನಲ್ಲ ಎಂದೆ. “ಕರ್ಕ್‌ಗೆ ಯಾರನ್ನೂ ಕಳಕೊಂಡು ಗೊತ್ತಿರಲಿಲ್ಲ, ಆ ಸುರಂಗದಲ್ಲಿ ಸತ್ತವರು ಅವನ ಪೈಕಿಯವರಲ್ಲ” ಎಂದಳು. ದೊಣ್ಣೆ ಹಿಡಿದ ಗಣಿಯವರ ಪರ ಇಷ್ಟು ಚೆನ್ನಾಗಿ ಯಾರೂ ಮಾತಾಡಿದ್ದು ನಾನು ಕೇಳಿರಲಿಲ್ಲ. ಆದರೂ ಬಿಡದೆ ಹೇಳಿದೆ: ಲಾನ್‌ಗೆ ಆಗದೇಹೋದದ್ದನ್ನು ಮುಂದೆ ಇದೇ ಗಾರ್ನ್‌ಗಳ ಎದುರಿಗೆ ಕರ್ಕ್ ಮಾಡುತ್ತಾನೆ. ಈಗ ‘ಅರೀನಾ’ ನೋಡಿದರೆ ಅವನು ಕಲ್ಲಿನ ಚಾಕು ಕೆಳಗೆ ಎಸೆಯುವುದಕ್ಕೆ ಮೊದಲಿಗಿಂತ ಹೆಚ್ಚು ಬೆಲೆಯಿದೆ. ಅವಳು ಒಪ್ಪಲಿಲ್ಲ. ಮೊದಲು ಹಾಕಿ ತೋರಿಸಿ, ಆಮೇಲೆ ಮಾತಾಡೋಣ ಎಂದಳು. ರಾತ್ರಿ ಹನ್ನೊಂದು ದಾಟಿತ್ತು. ‘ಅರೀನಾ’ ಹಾಕಿದೆವು.